ನೂರು ಅಲ್ಲ, ನೂರಾ

ಕೆಂಪು ಮಣ್ಣಿಗೆ ಮಜ್ಜಿಗೆ, ಲಿಂಬೆಹಣ್ಣಿನ ರಸ, ಅರಿಷಿಣ, ಒಂದಿಷ್ಟು ಎಣ್ಣೆ ಹಾಕಿ ಕಲಸಿ ಎರಡು ದಿನ ಬಿಟ್ಟರೆ ಒಂದು ವಾಸನೆ ಬರುತ್ತದೆ. ಅಡುಗೆಮನೆಯ ವಾಸನೆಯೂ ಅಲ್ಲ, ಹೊಲದ ವಾಸನೆಯೂ ಅಲ್ಲ. ಉಪ್ಪಿನಕಾಯಿ ಭರಣಿಯೊಳಗೆ ಮೊದಲ ಮಳೆ ಬಿದ್ದ ಹಾಗೆ ಅಂತ ಬೇಕಾದರೆ ಅನ್ನಬಹುದು. ಮೊನ್ನೆ ಐನಾಪುರದ ಹೊಸ ತಾಲೀಮಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಆ ವಾಸನೆ ಬಂತು. ತಾಲೀಮು ಎಂದರೆ ಗರಡಿಮನೆ, ನಮ್ಮ ಕಡೆ ಹಾಗೇ ಅನ್ನುತ್ತಾರೆ. "ಬರ್ರಿ ಅವ್ವಾರ, ಒಳಗ ಬರ್ರಿ" ಎಂದು ಎಲ್ಲರೂ ಕರೆಯುತ್ತಿದ್ದರು, ನನಗೆ ಕಾಲೇ ಏಳಲಿಲ್ಲ. ನಲವತ್ತು ವರ್ಷ ಈ ಊರ ಕುಸ್ತಿ ಮಣ್ಣಿಗೆ ಮಜ್ಜಿಗೆ ಕಡೆದು ಕೊಟ್ಟವಳು ನಾನೇ. ಆದರೆ ತಾಲೀಮಿನ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು.

ಒಳಗೆ ಮೈಕು ಹಿಡಿದು ನಿಂತವಳು ನನ್ನ ಮಗನ ಮಗಳು ಸವಿತಾ. ಆಕೆಯನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ಆಟದ ಸುದ್ದಿ ಹೇಳುತ್ತಾಳೆ, ಹೇಳಿ ಸುಮ್ಮನಿರುವುದಿಲ್ಲ, ದೊಡ್ಡ ದೊಡ್ಡವರನ್ನು ಎದುರಿಗೆ ಕೂರಿಸಿಕೊಂಡು ಬೆವರು ಇಳಿಸುತ್ತಾಳೆ. ಬಸ್ಸಿನಲ್ಲಿ ಕುಳಿತರೆ ಒಬ್ಬರು "ನಿಮ್ಮ ಮೊಮ್ಮಗಳು ಭಾಳ ಧೈರ್ಯದಾಕಿ ಬಿಡ್ರಿ" ಅನ್ನುತ್ತಾರೆ, ಪಕ್ಕದ ಸೀಟಿನವರು "ಬಾಯಿ ಸ್ವಲ್ಪ ಜೋರ ಆತು" ಅನ್ನುತ್ತಾರೆ. ಇಬ್ಬರ ಮಾತಿಗೂ ನಾನು ತಲೆ ಅಲ್ಲಾಡಿಸುತ್ತೇನೆ. ಎರಡೂ ಖರೆ. ಆ ಬಾಯಿ ಎಲ್ಲಿಂದ ಬಂತು ಎಂದು ಮಾತ್ರ ಅವರಿಗೆ ಗೊತ್ತಿಲ್ಲ. ಆ ವಾಸನೆ ಬಂದ ಕೂಡಲೇ ನನಗೆ ಅದೆಲ್ಲ ನೆನಪಾಗಿ, ಬಾಗಿಲಲ್ಲೇ ನಗು ಬಂತು.

ಹತ್ತು ವರ್ಷದ ಮೇಲಾಯಿತು. ಆಗ ಕಾಗವಾಡ ತಾಲೂಕು ಆಗಿರಲಿಲ್ಲ, ನಮ್ಮೂರು ಅಥಣಿಗೇ ಸೇರಿತ್ತು. ಕಬ್ಬಿನ ಹಂಗಾಮು. ಮುಂಜಾನೆ ಚಳಿಯಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು, ದಾರಿಯ ತುಂಬ ಕಬ್ಬಿನ ಸೋಗೆ. ನಮ್ಮ ಮನೆಯವರು ತೀರಿ ಎರಡು ವರ್ಷ ಆಗಿತ್ತು. ಅವರು ತಾಲೀಮಿನ ವಸ್ತಾದರು. ಪೈಲ್ವಾನರಿಗೆ ಡಾವು, ಪಟ್ಟು ಕಲಿಸುವ ಗುರುವಿಗೆ ವಸ್ತಾದ ಅನ್ನುತ್ತಾರೆ. ನಮ್ಮ ಹಿತ್ತಲಿಗೂ ಕುಸ್ತಿ ಮೈದಾನಕ್ಕೂ ನಡುವೆ ಒಂದೇ ಗೋಡೆ ಇತ್ತು. ಹೆಂಗಸರು ಆಚೆ ಹೋಗುವ ರೂಢಿ ಇರಲಿಲ್ಲ. ನಾನು ಗೋಡೆಗೆ ಬೆನ್ನು ಕೊಟ್ಟು ಕುಳಿತು ಜೋಳ ಹಸನ ಮಾಡುತ್ತ ಎಲ್ಲ ಕುಸ್ತಿಯನ್ನೂ ಕೇಳುತ್ತಿದ್ದೆ. ತೊಡೆ ತಟ್ಟುವುದು, ಮೈಗೆ ಮೈ ಬಡಿಯುವುದು, ಉಸಿರು, ಕುಸ್ತಿಗೆ ಬಾರಿಸುವ ಹಲಗಿಯ ಸದ್ದು. ಅವರು ಮನೆಗೆ ಬಂದು ಬಾಯಿ ತೆರೆಯುವ ಮೊದಲೇ "ಇವತ್ತ ಬಿದ್ದಾಂವ ಎಡಗಡೆ ಬಿದ್ದ, ಹೌದಲ್ಲ?" ಅನ್ನುತ್ತಿದ್ದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು. "ಒಳಗ ಮೂರು ಮಂದಿ ಪಂಚರದಾರ, ಗ್ವಾಡಿ ಹಿಂದ ಒಬ್ಬಾಕಿ ಅದಾಳ" ಎಂದು ಶಿಷ್ಯರ ಮುಂದೆಲ್ಲ ಹೇಳುತ್ತಿದ್ದರು. ಕುಸ್ತಿಯ ಸೋಲು ಗೆಲುವು ಹೇಳುವವರೇ ಪಂಚರು. ನಾನು ಓದಿದ್ದು ಮೂರನೆಯ ಇಯತ್ತೆ. ಕಿವಿ ಮಾತ್ರ ಮೆಟ್ರಿಕ್ ಪಾಸು.

ಸವಿತಾ ಆಗ ಚಿಕ್ಕೋಡಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಬೆಳಗಾವಿಯ ಒಂದು ಪತ್ರಿಕೆಗೆ ಊರ ಸುದ್ದಿ ಕಳಿಸುತ್ತಿದ್ದಳು. ಕರೆಂಟು ಹೋದದ್ದು, ಬಸ್ಸು ಬಾರದ್ದು ಬರೆ ಎಂದು ಅವರು ಹೇಳಿದರೆ ಇವಳು ಖೋ-ಖೋ, ಕಬಡ್ಡಿ ಬರೆಯುತ್ತಿದ್ದಳು. ರಾಯಬಾಗದ ಕಡೆಯ ಒಂದು ಕಬಡ್ಡಿ ಪಂದ್ಯದಲ್ಲಿ "ರೆಫರಿ ಸೀಟಿ ಊದುವುದಕ್ಕಿಂತ ಎಲಿ ಅಡಿಕಿ ತಿಂದಿದ್ದೇ ಹೆಚ್ಚು" ಎಂದು ಬರೆದು ಬೈಸಿಕೊಂಡಿದ್ದಳು. ಮಗನಿಗೆ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ನೌಕರಿ, ಮಾತು ಕಡಿಮೆಯ ಮನುಷ್ಯ. "ಈಕಿ ಮಾತು ನಿನ್ನ ಮಾತ ನೋಡವ್ವಾ" ಎಂದು ನನ್ನ ಮೇಲೇ ಹಾಕುತ್ತಿದ್ದ.

ಆ ಹಂಗಾಮಿನಲ್ಲಿ ಊರ ಕಮಿಟಿಯವರು ದೊಡ್ಡ ಕುಸ್ತಿ ಇಟ್ಟರು. "ಜಂಗಿ ನಿಕಾಲಿ ಕುಸ್ತಿ" ಎಂದು ಬ್ಯಾನರು. ನಿಕಾಲಿ ಎಂದರೆ ಸೋಲೋ ಗೆಲುವೋ ಒಂದು ಆಗಲೇಬೇಕು. ಬ್ಯಾನರಿನ ತುಂಬ ನಮ್ಮ ಬಾಳು ಪೈಲ್ವಾನನ ಫೋಟೋ. ಬಾಳು ನಮ್ಮ ಮನೆಯವರ ಕಟ್ಟಕಡೆಯ ಶಿಷ್ಯ. ಹನ್ನೆರಡನೆಯ ವಯಸ್ಸಿಗೆ ಬಂದವನು ನನ್ನ ಕೈಯ ರೊಟ್ಟಿ ತಿಂದೇ ಬಾಗಿಲಷ್ಟು ಅಗಲ ಆಗಿದ್ದ. ಸವಿತಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದವನು, ಅವಳಿಗೆ ನಾನು ಆಯಿ, ಬಾಳು ಕಾಕಾ. ಎದುರಿಗೆ ಕೊಲ್ಲಾಪುರದ ಕಡೆಯ ಒಬ್ಬ ಹೆಸರಾಂತ ಪೈಲ್ವಾನ. ಅಥಣಿ, ಕಾಗವಾಡ, ನಿಪ್ಪಾಣಿಯಿಂದೆಲ್ಲ ಮಂದಿ ಬಂದರು. ಸುದ್ದಿ ಬರೆಯುವವಳು ಎಂದು ಸವಿತಾಗೆ ಒಂದು ಮೂಲೆಯಲ್ಲಿ ಕುರ್ಚಿ ಕೊಟ್ಟಿದ್ದರು. ಅದೇ ದೊಡ್ಡ ಮಾತು.

ನಾನು ಗೋಡೆಯ ಹಿಂದೆ ಕುಳಿತೆ. ಸಣ್ಣ ಜೋಡಿಗಳು ಮುಗಿದವು, ಬಾಳು ಇಳಿದ. ಮಂದಿ ಕೂಗಿದ್ದೇ ಕೂಗಿದ್ದು. ನನಗೆ ಮಾತ್ರ ಮೊರದಲ್ಲಿದ್ದ ಜೋಳ ಮುಂದೆ ಸರಿಯಲಿಲ್ಲ. ಏನೋ ತಪ್ಪಿದೆ. ಅರ್ಧ ತಾಸಿನ ಮೇಲೆ "ಬರಾಬರಿ!" ಎಂದು ಪಂಚರು ಇಬ್ಬರ ಕೈ ಎತ್ತಿಸಿದರು. ಅಂದರೆ ಇಬ್ಬರೂ ಸಮ, ಬ್ಯಾನರಿನ ನಿಕಾಲಿ ಬ್ಯಾನರಿನಲ್ಲೇ ಉಳಿಯಿತು.

ಸವಿತಾ ಬಂದು ಒಲೆಯ ಮುಂದೆ ಕುಕ್ಕರಿಸಿದಳು.

"ಯಾಕ ಬೇ, ಮಾರಿ ಸಣ್ಣ ಮಾಡೀ?"

"ಬರಾಬರಿ ಅಂತ ಕೈ ಎತ್ತಿದ್ರ ಆಯಿ. ಖರೆ ಏನೋ ಬರಾಬರಿ ಇಲ್ಲ."

ನಾನು ರೊಟ್ಟಿ ಬಡಿಯುತ್ತ ಅಂದುಬಿಟ್ಟೆ, "ನೂರಾ ಕುಸ್ತಿ ಆಡಿದ್ರ ಬರಾಬರಿ ಹೆಂಗ ಇರ್ತೈತಿ?"

ಇಬ್ಬರೂ ಮೊದಲೇ ಮಾತಾಡಿಕೊಂಡು ಆಡುವ ಸುಳ್ಳು ಕುಸ್ತಿಗೆ ನಮ್ಮಲ್ಲಿ ನೂರಾ ಕುಸ್ತಿ ಅನ್ನುತ್ತಾರೆ. ಪೈಲ್ವಾನನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಸವಿತಾ ಎದ್ದು ಕುಳಿತಳು.

"ನೀ ನೋಡೇ ಇಲ್ಲ!"

"ನೋಡೂದೇನೈತಿ? ಕೇಳೀನಲ್ಲ. ಕುಸ್ತಿ ಮುಂದ ಹೋಗ್ಬೇಕು, ಹಲಗಿ ಅದರ ಹಿಂದ ಬರ್ಬೇಕು. ಪೈಲ್ವಾನ ಡಾವು ಹಾಕಿದ ಮ್ಯಾಲ ಹಲಗಿಯಂವ ಜೋರ ಬಡೀತಾನ. ಇವತ್ತ ಹಲಗಿ ಜೋರ ಆದ ಮ್ಯಾಲ ಇವರು ಜೋರ ಆಗಾಕತ್ತಿದ್ರು. ಹಲಗಿ ಹಿಂದ ಕುಸ್ತಿ ಹೋದ್ರ ಅದು ಕುಣಿತ ಆತು, ಕುಸ್ತಿ ಅಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ನನಗೂ ಹಂಗ ಕಂಡಿತ್ತ ಆಯಿ. ಕಾಕಾ ಒಮ್ಮೆನೂ ಬಲಗೈ ಹಾಕಿ ಜಗ್ಗಲಿಲ್ಲ" ಅಂದವಳೇ ಚಪ್ಪಲಿ ಮೆಟ್ಟಿ ಫ್ಯಾಕ್ಸ್ ಅಂಗಡಿಗೆ ಓಡಿದಳು. ರೊಟ್ಟಿ ತಿನ್ನಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಪೇಪರು ಬಂತು. ಸವಿತಾ ಬರೆದದ್ದು "ಕೊನೆಯ ಜೋಡಿಯದು ನೂರಾ ಕುಸ್ತಿ" ಎಂದು. ಬೆಳಗಾವಿ ಕಚೇರಿಯಲ್ಲಿ ತಿದ್ದುವವರು ಯಾರೋ ಹೊಸಬರು, ಎಲ್ಲಿಯವರೋ ಏನೋ, ನೂರಾ ಎಂಬ ಮಾತು ಅವರು ಕೇಳಿರಲಿಲ್ಲ. ಹುಡುಗಿ ತಪ್ಪು ಬರೆದಿದ್ದಾಳೆ ಎಂದು ಪಾಪ ತಿದ್ದಿದ್ದರು. ಮೇಲೆ ದೊಡ್ಡಕ್ಷರದಲ್ಲಿ "ಐನಾಪುರದಲ್ಲಿ ನೂರು ಕುಸ್ತಿ".

ಎಂಟು ಗಂಟೆಗೇ ಕಮಿಟಿಯ ಅಪ್ಪಾಸಾಬ ಪೇಢೆಯ ಡಬ್ಬಿ ಹಿಡಿದು ಬಂದರು. ಬಿಳಿ ಟೊಪ್ಪಿಗೆ, ಮೀಸೆ, ಮುಖದ ತುಂಬ ಹಿಗ್ಗು. "ಅಕ್ಕಾರ, ನಾವ್ ಹಚ್ಚಿದ್ದ ಹದಿನೆಂಟು ಜೋಡಿ. ನಿಮ್ಮ ಮೊಮ್ಮಗಳು ನೂರು ಮಾಡ್ಯಾಳ! ಕೈ ದೊಡ್ಡದ್ರಿ ಹುಡುಗೀದು. ತಗೋವಾ ತಂಗಿ, ಬಾಯಿ ಸಿಹಿ ಮಾಡು."

ಅವರು ಹೋಗುವ ತನಕ ಸವಿತಾ ಪೇಢೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ನಿಂತಿದ್ದಳು. ಹೋದ ಮೇಲೆ ಅದನ್ನು ಡಬ್ಬಿಯೊಳಗೆ ಇಟ್ಟು, "ನಾ ತಿದ್ದುಪಡಿ ಹಾಕಸ್ತೀನಿ" ಅಂದಳು.

ನಾನು ಅವಳ ಕೈ ಹಿಡಿದೆ. "ಬ್ಯಾಡ ನನ್ನವ್ವಾ. ದೇವರ ಅಚ್ಚಿನ ತಪ್ಪ ಮಾಡಿಸಿ ನಮ್ಮನ್ನ ಉಳಿಸ್ಯಾನ. ಬಾಳು ನಿಮ್ಮ ಅಜ್ಜನ ಶಿಷ್ಯಾ. ಅಂವನ ಹೆಸರ ಹೋದ್ರ ಅಜ್ಜಂದ ಹೋದಂಗ."

"ಅಜ್ಜನ ಶಿಷ್ಯಾ ಅಂತನ ಆಯಿ! ರಾಯಬಾಗದ ರೆಫರಿ ತಪ್ಪ ಬರದ್ನಿ. ನಮ್ಮ ಕಾಕಾನ ತಪ್ಪ ನುಂಗಿದ್ರ, ನಾಳಿಂದ ನಾ ಬರಿಯೂದೂ ನೂರಾ ಬರಹನ."

ನಾನು ಪೇಢೆಯ ಡಬ್ಬಿ ಮುಚ್ಚಿ ಮೇಲಿಟ್ಟೆ.

ಮೂರನೆಯ ದಿನ ಒಳಪುಟದಲ್ಲಿ ಎರಡೇ ಸಾಲು: "ಮೊನ್ನೆಯ ವರದಿಯಲ್ಲಿ 'ನೂರು ಕುಸ್ತಿ' ಎಂದಿರುವುದನ್ನು 'ನೂರಾ ಕುಸ್ತಿ' ಎಂದು ಓದಿಕೊಳ್ಳಬೇಕು." ಊರಲ್ಲಿ ವರದಿ ಓದಿದವರು ಹತ್ತು ಮಂದಿ ಇದ್ದರೆ ಆ ಎರಡು ಸಾಲು ಓದದವರು ಹತ್ತು ಮಂದಿ ಇರಲಿಲ್ಲ. ಚಹದಂಗಡಿಯಲ್ಲಿ ಗಟ್ಟಿಯಾಗಿ ಓದಿದರಂತೆ. "ಹೆಣ್ಣ ಹುಡುಗಿಗೆ ಲಂಗೋಟಿ ಉಸಾಬರಿ ಯಾಕ?" ಎಂದು ನಮ್ಮ ಬಾಗಿಲಲ್ಲಿ ಕೇಳಿಸುವ ಹಾಗೇ ಹೇಳಿಕೊಂಡು ಹೋದರು. ಅಪ್ಪಾಸಾಬ ಎದುರಿಗೆ ಸಿಕ್ಕರೆ ಮುಖ ತಿರುಗಿಸಿದರು. ಮಗ ಕಾರ್ಖಾನೆಯಿಂದ ಬಂದು ಉಣ್ಣದೆ ಮಲಗುತ್ತಿದ್ದ. ಪತ್ರಿಕೆಯವರು ಸವಿತಾಗೆ, ಎಂಟು ದಿನದಲ್ಲಿ ಪುರಾವೆ ಕೊಡು, ಇಲ್ಲವೇ ತಪ್ಪಾಯಿತೆಂದು ಬರೆದುಕೊಟ್ಟು ಮನೆಯಲ್ಲಿ ಕೂರು ಅಂದರು. ಪುರಾವೆ ಎಲ್ಲಿಂದ ತರುತ್ತಾಳೆ? ಅವಳ ಪುರಾವೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿತ್ತು.

ನನಗೆ ಇದೆಲ್ಲಕ್ಕಿಂತ ಚುಚ್ಚಿದ್ದು ಬೇರೆ. ಸೋಮವಾರ ತಾಲೀಮಿನವರು ಮಣ್ಣು ಹದ ಮಾಡುವ ದಿನ. ನಾನು ಎಂದಿನಂತೆ ಮಜ್ಜಿಗೆ ಕಡೆದು ಗಡಿಗೆ ತುಂಬಿ ಬಾಗಿಲಲ್ಲಿ ಇಟ್ಟೆ. ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಮಜ್ಜಿಗೆ ನಮ್ಮ ಮನೆಯಲ್ಲೇ ಹುಳಿಯಾಯಿತು. ನನ್ನ ನಾಲಿಗೆಯಿಂದಲೇ ಇದೆಲ್ಲ ಆಯಿತಲ್ಲ ಎಂದು ಗಡಿಗೆ ನೋಡಿಕೊಂಡು ಕೂರುತ್ತಿದ್ದೆ.

ಅಷ್ಟರಲ್ಲಿ ಅಥಣಿಯ ಕೇಬಲ್‌ನವರು ಕರೆ ಕಳಿಸಿದರು. ಸಂಜೆ ಆರಕ್ಕೆ ನೇರ ಪ್ರಸಾರ, ಸವಿತಾ ಒಂದು ಕಡೆ, ಕಮಿಟಿಯ ಅಪ್ಪಾಸಾಬ ಇನ್ನೊಂದು ಕಡೆ, ಬಾಳು ಪೈಲ್ವಾನನೂ ಬರಬೇಕು. ಮಂದಿ ಮನೆಯಿಂದ ಫೋನ್ ಮಾಡಿ ಮಾತಾಡಬಹುದು. "ಹೋಗಬ್ಯಾಡ" ಎಂದು ಮಗ ಅಂದ. ಸವಿತಾ ನನ್ನ ಇಳಕಲ್ ಸೀರೆ ಉಟ್ಟು ಹೋದಳು, ಒಂದೇ ಮಾತು ಹೇಳಿ: "ಆಯಿ, ನಿನ್ನ ಹೆಸರ ನನ್ನ ಬಾಯಾಗ ಬರೂದಿಲ್ಲ. ಹೆದರಬ್ಯಾಡ."

ಟೀವಿ ಹಚ್ಚಿ ಕುಳಿತಿದ್ದೆ. ಮಗ ಎರಡನೆಯ ಪಾಳಿಗೆ ಹೋಗಿದ್ದ. ಬಾಗಿಲು ಕತ್ತಲಾದ ಹಾಗಾಯಿತು. ನೋಡಿದರೆ ಬಾಳು.

"ಅವ್ವಾರ, ಮಜ್ಜಿಗಿ ಐತೇನ್ರಿ?"

"ಹುಳಿ ಆಗೈತಿ."

"ಆಗಲ್ರಿ."

ತಂಬಿಗೆ ತುಂಬಿ ಕೊಟ್ಟೆ. ಅವನು ಎಡಗೈಯಲ್ಲಿ ತೆಗೆದುಕೊಂಡ. ನಮ್ಮ ಮನೆಯಲ್ಲಿ ಹದಿನೈದು ವರ್ಷ ಉಂಡವನು, ಎಡಗೈ ಮುಂದೆ ಮಾಡಿದವನೇ ಅಲ್ಲ. ಬಲಗೈ ತೊಡೆಯ ಮೇಲೆ ನೀರಿನಿಂದ ತೆಗೆದ ಬಟ್ಟೆಯ ಹಾಗೆ ಬಿದ್ದಿತ್ತು. ನನಗೆ ತಿಳಿಯಿತು. ಅವನಿಗೂ ನನಗೆ ತಿಳಿದದ್ದು ತಿಳಿಯಿತು. ಇಬ್ಬರೂ ಟೀವಿಯ ಕಡೆ ತಿರುಗಿದೆವು.

ಅದರೊಳಗೆ ಮೂರು ಕುರ್ಚಿ, ನಡುವೆ ಒಂದು ಖಾಲಿ. ಅಪ್ಪಾಸಾಬ ಮುಂದಕ್ಕೆ ಬಾಗಿ ಕೇಳುತ್ತಿದ್ದರು, "ತಂಗೀ, ನೀ ಎಂದಾದ್ರೂ ಕಣಕ್ಕ ಇಳದೀಯೇನ? ಯಾರ ಹೇಳಿದ್ರ ನಿನಗ ನೂರಾ ಅಂತ? ಒಂದ್ ಹೆಸರ ಹೇಳು, ನಾ ಟೊಪಗಿ ತಗದ ಇಲ್ಲೇ ಇಡ್ತೀನಿ."

"ಹೆಸರ ಹೇಳೂದಿಲ್ರಿ ಕಾಕಾ."

"ಹಂಗಾರ ಊರ ಮುಂದ ತಪ್ಪಾತು ಅನ್ನು."

ಸವಿತಾ ನನ್ನ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಸಣ್ಣವಳಿದ್ದಾಗ ಅಳು ಬಂದರೆ ಹಾಗೇ ಮಾಡುತ್ತಿದ್ದಳು.

"ಬಾಳು, ಆ ನಂಬರಿಗೆ ಫೋನ್ ಹಚ್ಚಿ ಕೊಡು."

"ಅವ್ವಾರ..."

"ಹಚ್ಚಂದ್ರ ಹಚ್ಚ!"

ಅವನು ಎಡಗೈಯಲ್ಲೇ ಗುಂಡಿ ಒತ್ತಿ ಕೊಟ್ಟ. ನಾನು "ಹಲೋ" ಅಂದೆ. ಟೀವಿಯೊಳಗಿಂದ ಇನ್ನೊಬ್ಬಾಕೆ "ಹಲೋ" ಅಂದಳು. ಯಾರೋ ನನ್ನನ್ನು ಅಣಕಿಸುತ್ತಾಳೆ ಎಂದು ಸಿಟ್ಟು ಬಂದು "ಯಾರವಾ ನೀ?" ಅಂದೆ. ಆಕೆಯೂ ಹಾಗೇ ಕೇಳಿದಳು. ಕೇಬಲ್‌ನವನು "ಅಮ್ಮಾರ, ಟೀವಿ ಆವಾಜ ಸಣ್ಣ ಮಾಡ್ರಿ, ಆವಾಜ ಸಣ್ಣ ಮಾಡ್ರಿ!" ಎಂದು ಕೂಗುತ್ತಿದ್ದ. ಬಾಳು ಎದ್ದು ಆವಾಜ ಇಳಿಸಿದ. ಸವಿತಾ ನನ್ನ ದನಿ ಗುರುತು ಹಿಡಿದು ತಲೆ ಮೇಲೆ ಕೈ ಇಟ್ಟುಕೊಂಡದ್ದು ಕಾಣಿಸಿತು.

"ನಾ ಹೇಳೀನ್ರಿ ಅಪ್ಪಾಸಾಬ. ವಸ್ತಾದರ ಮನಿಯಿಂದ ಮಾತಾಡಾಕತ್ತೀನಿ. ಹುಡುಗಿಗೆ ಹೇಳಿದಾಕಿ ನಾನ."

ಅಪ್ಪಾಸಾಬ ನಕ್ಕುಬಿಟ್ಟರು. "ಅಕ್ಕಾರ, ನೀವ್ ಮೈದಾನಕ್ಕ ಕಾಲ ಇಟ್ಟಿಲ್ಲ. ನೋಡಿದ್ದಾರ ಎಲ್ಲಿಂದ?"

"ನೋಡಿಲ್ರಿ. ಕೇಳೀನಿ."

ಅವರ ನಗೆ ಜೋರಾಯಿತು. ಅಷ್ಟರಲ್ಲಿ ನನ್ನ ಕೈಯಿಂದ ಫೋನು ಹೋಯಿತು.

"ಅಪ್ಪಾಸಾಬ ಕಾಕಾ, ನಾ ಬಾಳು. ಅವ್ವಾರು ಕೇಳಿದ್ದ ಖರೆ ಐತ್ರಿ." "ಕುಸ್ತಿಗಿಂತ ಎಂಟು ದಿನ ಮೊದಲ ತಾಲೀಮಿನ್ಯಾಗ ಭುಜಾ ಹೊಳ್ಳಿ ಕೀಲ ತಪ್ಪಿತ್ರಿ. ಬ್ಯಾನರ್ ತುಂಬ ನನ್ನ ಮಾರಿ ಹಾಕಿದ್ರಿ, ಒಲ್ಲೆ ಅನ್ನಾಕ ನಾಚಿಕಿ ಬಂತು. ಆ ಪೈಲ್ವಾನಗ ನಾನ ಕೈ ಮುಗದ ಕೇಳ್ಕೊಂಡ್ನಿ, ಬರಾಬರಿ ಬಿಡು ಅಂತ. ಅಂವಂದೇನೂ ತಪ್ಪಿಲ್ಲ. ನಿಮಗೂ ಗೊತ್ತಿರಲಿಲ್ಲ. ಸವಿತಾ ಬರದದ್ದ ಒಂದಕ್ಷರ ಸುಳ್ಳಲ್ಲ."

ಟೀವಿಯಲ್ಲಿ ಅಪ್ಪಾಸಾಬ ಮೆಲ್ಲಗೆ ಟೊಪ್ಪಿಗೆ ತೆಗೆದು ಮೇಜಿನ ಮೇಲೆ ಇಟ್ಟರು. ಕೊಟ್ಟ ಮಾತಿನ ಮನುಷ್ಯ. ತಲೆ ಪೂರಾ ಬೋಳು ಎಂದು ಅವತ್ತೇ ಅಥಣಿ ತಾಲೂಕಿಗೆಲ್ಲ ಗೊತ್ತಾಯಿತು. ಇಟ್ಟು, ಕ್ಯಾಮರಾದ ಕಡೆ ತಿರುಗಿ ಕೇಳಿದರು, "ಅಕ್ಕಾರ, ಗ್ವಾಡಿ ಆಚಿಂದ ಮತ್ತೇನೇನ್ ಕೇಳೀರಿ? ಒಮ್ಮೆಲೆ ಹೇಳಿಬಿಡ್ರಿ!" ಸವಿತಾ ಅಳುತ್ತಲೇ ನಕ್ಕಳು.

ಬಾಳು ಫೋನು ಇಟ್ಟು ನನ್ನ ಕಾಲು ಮುಟ್ಟಿದ. "ವಸ್ತಾದರು ಇದ್ದಿದ್ರ ಕಣದಾಗ ಹಿಡೀತಿದ್ರು. ಅವರಿಲ್ಲ ಅಂತ ಧೈರ್ಯ ಮಾಡಿದ್ನಿ. ನೀವ್ ಅದೀರಿ ಅನ್ನೂದ ಮರ್ತಿದ್ನಿ."

"ಬಿದ್ದಿದ್ರ ಏನ್ ಆಗತಿತ್ತೋ ಹುಚ್ಚಾ? ಮಣ್ಣಿಗೆ ಮಜ್ಜಿಗಿ ಯಾಕ ಹಾಕ್ತೀವಿ? ಬಿದ್ದಾಂವಗ ಮೆತ್ತಗಿರಲಿ ಅಂತ."

ಮುಂದಿನ ಸೋಮವಾರ ಗಡಿಗೆ ಒಯ್ಯಲು ಅವನೇ ಬಂದ. ಭುಜ ಕಟ್ಟಿಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು, ಬೇಸಿಗೆ ಮುಗಿದು ಮಳೆ ಹಿಡಿಯುವ ಮೊದಲು ಅದೇ ಪೈಲ್ವಾನನನ್ನು ಮತ್ತೆ ಕರೆಸಿದ. ನಾನು ಗೋಡೆಯ ಹಿಂದೆ ಇದ್ದೆ. ಆಕಾಶದಲ್ಲಿ ಗುಡುಗು, ಮೈದಾನದಲ್ಲಿ ಹಲಗಿ. ಕುಸ್ತಿ ಮುಂದೆ, ಹಲಗಿ ಹಿಂದೆ. ಬಹಳ ಹೊತ್ತು ಹಿಡಿಯಿತು. ಕೊನೆಗೆ ಒಂದು ಬೆನ್ನು ಮಣ್ಣಿಗೆ ಬಿತ್ತು. ಬಿದ್ದದ್ದು ನಮ್ಮ ಬಾಳುವಿನ ಬೆನ್ನು, ನನಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಸೋತವನನ್ನೇ ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ತಂದರು. ಸವಿತಾ ಬರೆದ ವರದಿಯನ್ನು ಕಚೇರಿಯವರು ಈ ಸಲ ಒಂದಕ್ಷರ ತಿದ್ದದೆ ಹಾಕಿದರು.

ಆ ಸಂಜೆಯ ಮೇಲೆ ಕೇಬಲ್‌ನವರು ಅವಳಿಗೆ ವಾರಕ್ಕೊಂದು ದಿನ ಆ ಕುರ್ಚಿ ಕೊಟ್ಟರು. ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ದೊಡ್ಡ ಚಾನೆಲ್ಲು. ವಕೀಲರ ನೋಟೀಸು ಬಂದವು, ಚಿಕ್ಕೋಡಿ ಕೋರ್ಟಿಗೆ ಅಲೆದಳು, ಒಮ್ಮೆ ಎರಡು ತಿಂಗಳು ಟೀವಿಯಲ್ಲಿ ಮುಖ ತೋರಿಸಬೇಡ ಎಂದು ಕೂರಿಸಿದರು. ಒಮ್ಮೆ ಅವಳೇ ತಪ್ಪಿದಳು. ಓಡುವ ಹುಡುಗಿಯೊಬ್ಬಳ ವಯಸ್ಸು ಸುಳ್ಳು ಎಂದು ಯಾರದೋ ಮಾತು ನಂಬಿ ಹೇಳಿಬಿಟ್ಟಳು, ಅದು ಖರೆ ಇರಲಿಲ್ಲ. ನಾನು ಫೋನ್ ಮಾಡಿ "ತಿದ್ದುಪಡಿ ಹಾಕು" ಅಂದೆ. ಎಷ್ಟು ಜೋರಾಗಿ ಆರೋಪ ಮಾಡಿದ್ದಳೋ ಅಷ್ಟೇ ಜೋರಾಗಿ ಕೈ ಮುಗಿದಳು. ನನಗೆ ಅದೇ ಹೆಚ್ಚಿನ ಹೆಮ್ಮೆ.

ಈಗ ಬಾಳುವೇ ವಸ್ತಾದ. ಹೊಸ ತಾಲೀಮಿನಲ್ಲಿ ಹೆಣ್ಣುಮಕ್ಕಳಿಗೂ ಕಲಿಸುತ್ತಾನೆ. ಮೊನ್ನೆ ನನ್ನನ್ನು ಒಳಗೆ ಕರೆದೊಯ್ದು ಮುಂದಿನ ಕುರ್ಚಿಯಲ್ಲಿ ಕೂರಿಸಿದವನು ಅವನೇ. ಪಕ್ಕದಲ್ಲಿ ಅಪ್ಪಾಸಾಬ, ವಯಸ್ಸಾಗಿದೆ, ಟೊಪ್ಪಿಗೆ ಇದೆ. ಕಣದಲ್ಲಿ ಇಬ್ಬರು ಹುಡುಗಿಯರು ಇಳಿದರು, ಒಬ್ಬಳು ಅಥಣಿಯವಳು, ಒಬ್ಬಳು ನಮ್ಮೂರವಳು. ಕಣ್ಣು ಬಿಟ್ಟು ನೋಡಿದೆ. ಕೈ ಯಾವುದು, ಕಾಲು ಯಾವುದು ಒಂದೂ ತಿಳಿಯಲಿಲ್ಲ. ಇಷ್ಟು ವರ್ಷ ನೋಡಬೇಕು ನೋಡಬೇಕು ಎಂದು ಆಸೆಪಟ್ಟದ್ದು ಇದೇನಾ ಅನಿಸಿತು. ಆಮೇಲೆ ಕಣ್ಣು ಮುಚ್ಚಿದೆ. ಎಲ್ಲ ಕಂಡಿತು. ಉಸಿರು ಬಂತು, ಹಿಡಿತ ಬಂತು, ಹಲಗಿ ಹಿಂದೆ ಹಿಂದೆ ಬಂತು. ಧಪ್ ಎಂದು ಬೆನ್ನು ಮಣ್ಣಿಗೆ ಬಿತ್ತು.

ಮಂದಿ ಕೂಗುವುದು ನಿಲ್ಲುವ ಮೊದಲೇ ಸವಿತಾ ಮೈಕು ತಂದು ನನ್ನ ಬಾಯಿಯ ಹತ್ತಿರ ಹಿಡಿದಳು. "ಹೆಂಗಿತ್ತ ಆಯಿ?"

"ನಿಕಾಲಿ" ಅಂದೆ.

ಅವಳು ಕ್ಯಾಮರಾದ ಕಡೆ ತಿರುಗಿದಳು. ಯಾರು ಹೇಳಿದರು ಎಂದು ಈ ಸಲ ಯಾರೂ ಕೇಳಿರಲಿಲ್ಲ, ಆದರೂ ಹೇಳಿದಳು: "ಹೇಳಿದಾಕಿ ನಮ್ಮ ಆಯಿ. ಕಸ್ತೂರೆವ್ವ, ಐನಾಪುರ. ನಲವತ್ತ ವರ್ಷ ಗ್ವಾಡಿ ಹಿಂದ ಪಂಚಾಗಿದ್ದಾಕಿ. ಹೆಸರ ಬರಾಬರಿ ಬರಕೋರಿ, ಮತ್ತ ತಿದ್ದುಪಡಿ ಹಾಕೂದ ಬ್ಯಾಡ!"